ಯುದ್ಧಕಾಲದಲ್ಲಿ ಸೇನಾ ಲಾರಿ ಚಾಲಕರ ಸೇವೆ

ಸೇನಾ ಲಾರಿ ಚಾಲಕ ಎಂದರೆ ಸೈನ್ಯಕ್ಕೆ ಸಿಪಾಯಿಯಾಗಿ ಸೇರಿ, ಯುದ್ಧಭೂಮಿಯಲ್ಲಿರುವ ಪಡೆಗಳಿಗೆ ಆಹಾರ, ನೀರು, ಇಂಧನ, ಮದ್ದುಗುಂಡು ಮತ್ತು ಸೈನಿಕರನ್ನು ವಾಹನದಲ್ಲಿ ತಲುಪಿಸುವ ಯೋಧ. ಭಾರತೀಯ ಭೂಸೇನೆಯಲ್ಲಿ ಈ ಕಾರ್ಯವನ್ನು ಮುಖ್ಯವಾಗಿ ಸೇನಾ ಸೇವಾ ದಳವು (ಆರ್ಮಿ ಸರ್ವಿಸ್ ಕೋರ್, ಎ.ಎಸ್.ಸಿ.) ನಿರ್ವಹಿಸುತ್ತದೆ. ಈ ದಳದ ತರಬೇತಿ ಕೇಂದ್ರ ಮತ್ತು ಕಾಲೇಜು ಬೆಂಗಳೂರಿನಲ್ಲಿವೆ. ಎರಡನೆಯ ಮಹಾಯುದ್ಧದಿಂದ ಕಾರ್ಗಿಲ್ ಯುದ್ಧದವರೆಗೆ ಭಾರತೀಯ ಸೈನಿಕರು ಹೋರಾಡಿದ ಪ್ರತಿಯೊಂದು ರಣರಂಗದಲ್ಲಿಯೂ ಚಾಲಕರ ಪಾತ್ರವಿದೆ. ಆದರೆ ಯುದ್ಧದ ಇತಿಹಾಸ ಗ್ರಂಥಗಳಲ್ಲಿ ಪದಾತಿ ಹಾಗೂ ಫಿರಂಗಿ ದಳಗಳಿಗೆ ದೊರೆತಷ್ಟು ಸ್ಥಾನ ಇವರಿಗೆ ದೊರೆತಿಲ್ಲ. ಈ ಲೇಖನವು ಚಾಲಕರ ಕರ್ತವ್ಯ, ಅವರ ಸೇವೆಯ ಇತಿಹಾಸ, ಇಂದಿನ ಯಾದಗಿರಿ ಜಿಲ್ಲೆಯ ಯಾದಗಿರಿ, ಶಹಾಪುರ, ಸುರಪುರ ಪ್ರದೇಶದ ಸೈನಿಕ ಹಿನ್ನೆಲೆ ಮತ್ತು ಇಂತಹ ಸೈನಿಕರ ದಾಖಲೆಗಳನ್ನು ಹುಡುಕುವ ಬಗೆಯನ್ನು ವಿವರಿಸುತ್ತದೆ.

ಪದವಿ ಮತ್ತು ಹೆಸರು

ಸಾಮಾನ್ಯ ಮಾತಿನಲ್ಲಿ ‘ಮಿಲಿಟರಿ ಡ್ರೈವರ್’ ಎಂದು ಕರೆಯಲಾಗುವ ಈ ಯೋಧನ ಪದವಿ ಸಿಪಾಯಿ, ‘ಚಾಲಕ, ಎಂ.ಟಿ.’ ಎಂಬುದು ಅವನ ವೃತ್ತಿ ವಿಭಾಗ. ಎಂ.ಟಿ. ಎಂದರೆ ಯಾಂತ್ರಿಕ ಸಾರಿಗೆ. ಹೇಸರಗತ್ತೆಗಳನ್ನು ನಡೆಸುವವರನ್ನು ಪ್ರಾಣಿ ಸಾರಿಗೆಯ ಚಾಲಕರೆಂದು ಕರೆಯುವ ರೂಢಿಯೂ ಇರುವುದರಿಂದ, ಹಳೆಯ ದಾಖಲೆಗಳಲ್ಲಿ ‘ಡ್ರೈವರ್’ ಎಂಬ ಪದ ಕಂಡೊಡನೆ ಲಾರಿ ಚಾಲಕನೆಂದು ತೀರ್ಮಾನಿಸಲಾಗದು. ಸಿಪಾಯಿಯು ಬಡ್ತಿ ಹೊಂದುತ್ತ ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್, ನಾಯಬ್ ಸುಬೇದಾರ್, ಸುಬೇದಾರ್ ಮತ್ತು ಸುಬೇದಾರ್ ಮೇಜರ್ ಪದವಿಗಳಿಗೆ ಏರಬಹುದು. ಸ್ವಾತಂತ್ರ್ಯಪೂರ್ವದಲ್ಲಿ ನಾಯಬ್ ಸುಬೇದಾರ್ ಸ್ಥಾನಕ್ಕೆ ಜಮಾದಾರ್ ಎಂಬ ಹೆಸರಿತ್ತು.

ಚಾಲಕನು ಕಾನೂನಿನ ದೃಷ್ಟಿಯಲ್ಲಿಯೂ ಯೋಧನೇ. ಅವನಿಗೆ ಬಂದೂಕಿನ ತರಬೇತಿ ಕಡ್ಡಾಯ; ಹೊಂಚುದಾಳಿ ನಡೆದಾಗ ತನ್ನ ವಾಹನವನ್ನೂ ಸರಕನ್ನೂ ತಾನೇ ರಕ್ಷಿಸಿಕೊಳ್ಳಬೇಕು. ರೆಡ್ ಕ್ರಾಸ್ ಚಿಹ್ನೆಯ ಆಂಬುಲೆನ್ಸ್‌ಗೆ ಅಂತರರಾಷ್ಟ್ರೀಯ ಒಪ್ಪಂದಗಳ ರಕ್ಷಣೆ ಇದೆ. ಮದ್ದುಗುಂಡಿನ ಲಾರಿಗೆ ಅಂತಹ ರಕ್ಷಣೆ ಇಲ್ಲ. ಶತ್ರುವಿಗೆ ಅದು ನ್ಯಾಯಸಮ್ಮತ ಗುರಿ.

ಸರಬರಾಜು ವ್ಯವಸ್ಥೆಯಲ್ಲಿ ಚಾಲಕನ ಸ್ಥಾನ

ಸೈನ್ಯದ ಸರಕು ಸಾಮಾನ್ಯವಾಗಿ ರೈಲಿನ ಮೂಲಕ ಯುದ್ಧಭೂಮಿಗೆ ಸಮೀಪದ ನಿಲ್ದಾಣಕ್ಕೆ ಬರುತ್ತದೆ. ಇದನ್ನು ರೈಲುತುದಿ ಎನ್ನುತ್ತಾರೆ. ಅಲ್ಲಿಂದ ಮುಂದಿನ ಉಗ್ರಾಣಗಳಿಗೆ, ಉಗ್ರಾಣಗಳಿಂದ ವಿತರಣಾ ಸ್ಥಳಗಳಿಗೆ, ಕೊನೆಗೆ ಕಂದಕಗಳಲ್ಲಿರುವ ತುಕಡಿಗಳಿಗೆ ಸರಕು ಹಂತಹಂತವಾಗಿ ಸಾಗುತ್ತದೆ. ಈ ಸಾಗಣೆಯನ್ನು ಮೂರು ಸಾಲುಗಳಾಗಿ ವಿಂಗಡಿಸುವುದುಂಟು.

ಮೊದಲ ಸಾಲು: ಪ್ರತಿಯೊಂದು ಪಲ್ಟನ್ ತನ್ನದಾಗಿಯೇ ಇಟ್ಟುಕೊಂಡಿರುವ ವಾಹನಗಳು.
ಎರಡನೆಯ ಸಾಲು: ಡಿವಿಷನ್‌ನ ಪಡೆಗಳಿಗೆ ಸರಕು ಒದಗಿಸುವ ಸೇವಾ ದಳದ ವಾಹನಗಳು.
ಮೂರನೆಯ ಸಾಲು: ರೈಲುತುದಿಯಿಂದ ದೂರದ ಉಗ್ರಾಣಗಳವರೆಗೆ ಸಾಗಿಸುವ ಭಾರಿ ವಾಹನಗಳು.

ಮುಂಚೂಣಿಯಲ್ಲಿ ರಸ್ತೆ ಮುಗಿದ ಕಡೆ ಸರಕು ಹೇಸರಗತ್ತೆಗಳ ಬೆನ್ನಿಗೋ ಕೂಲಿಗಳ ತಲೆಗೋ ಏರುತ್ತದೆ. ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಕಂದಕದಲ್ಲಿರುವ ಸೈನಿಕನು ಒಂದೆರಡು ದಿನಗಳಲ್ಲಿ ಅದರ ಪರಿಣಾಮವನ್ನು ಅನುಭವಿಸುತ್ತಾನೆ.

ಚಾಲಕನ ದಿನಚರಿಯಲ್ಲಿ ವಾಹನ ನಡೆಸುವುದು ಒಂದು ಭಾಗ ಮಾತ್ರ. ಹೊರಡುವ ಮುನ್ನ ಎಂಜಿನ್ ಎಣ್ಣೆ, ನೀರು, ಬ್ರೇಕ್, ಗಾಲಿ ಮತ್ತು ಗಾಳಿಯ ಒತ್ತಡವನ್ನು ಪರೀಕ್ಷಿಸಬೇಕು. ಸರಕಿನ ತೂಕ ಸಮವಾಗಿ ಹಂಚಿಕೆಯಾಗಿದೆಯೇ, ಹಗ್ಗ ಬಿಗಿಯಾಗಿದೆಯೇ ಎಂದು ನೋಡಬೇಕು. ದಾರಿಯಲ್ಲಿ ತಂಗಿದಾಗಲೆಲ್ಲ ಮತ್ತೆ ತಪಾಸಣೆ ನಡೆಯುತ್ತದೆ. ಓಡಿದ ದೂರ ಮತ್ತು ತುಂಬಿಸಿದ ಇಂಧನವನ್ನು ವಾಹನದ ದಿನಚರಿ ಪುಸ್ತಕದಲ್ಲಿ ಬರೆಯಬೇಕು.

ಲಾರಿಗಳ ಸಾಲಿಗೆ ಕಾನ್ವಾಯ್ ಎಂದು ಹೆಸರು. ವಿಮಾನದಾಳಿಯ ಭಯವಿದ್ದಲ್ಲಿ ಲಾರಿಗಳ ನಡುವೆ ಹೆಚ್ಚು ಅಂತರವಿಡಲಾಗುತ್ತದೆ. ಒಂದೇ ಬಾಂಬಿಗೆ ಎರಡು ವಾಹನಗಳು ಬಲಿಯಾಗಬಾರದೆಂಬುದು ಇದರ ಉದ್ದೇಶ. ರಾತ್ರಿಯ ಪ್ರಯಾಣದಲ್ಲಿ ಮುಂದಿನ ದೀಪಗಳನ್ನು ಆರಿಸಿ, ವಾಹನದ ಹಿಂಭಾಗದಲ್ಲಿ ಅಚ್ಚಿನ ಬಳಿ ಒಂದು ಪುಟ್ಟ ದೀಪವನ್ನು ಮಾತ್ರ ಉರಿಸುವ ಕ್ರಮವಿದೆ. ಅಚ್ಚಿನ ನಡುವಣ ಗುಬುಟಿಗೆ ಬಿಳಿ ಬಣ್ಣ ಬಳಿದಿರುತ್ತಾರೆ. ಹಿಂದಿನ ಚಾಲಕನು ಆ ಬಿಳಿಯ ಚುಕ್ಕೆಯನ್ನೇ ನೋಡುತ್ತ ಗಂಟೆಗಟ್ಟಲೆ ಸಾಗಬೇಕು. ಆಕಾಶದಿಂದ ನೋಡುವವನಿಗೆ ಆ ಬೆಳಕು ಕಾಣುವುದಿಲ್ಲ.

ಇತಿಹಾಸ

ಸೇನಾ ಸೇವಾ ದಳವು ತನ್ನ ಮೂಲವನ್ನು 1760ರ ಡಿಸೆಂಬರ್ 8ಕ್ಕೆ ಗುರುತಿಸುತ್ತದೆ. ಪ್ರತಿವರ್ಷ ಡಿಸೆಂಬರ್ 8ರಂದು ದಳದ ದಿನಾಚರಣೆ ನಡೆಯುತ್ತದೆ. 1923ರಲ್ಲಿ ಇದು ಇಂಡಿಯನ್ ಆರ್ಮಿ ಸರ್ವಿಸ್ ಕೋರ್ ಎಂಬ ಹೆಸರನ್ನು ಪಡೆಯಿತು. 1935ರಲ್ಲಿ ಅದಕ್ಕೆ ‘ರಾಯಲ್’ ಎಂಬ ವಿಶೇಷಣ ಸೇರಿತು. 1950ರಲ್ಲಿ ಭಾರತವು ಗಣರಾಜ್ಯವಾದಾಗ ಆ ವಿಶೇಷಣವನ್ನು ಕೈಬಿಡಲಾಯಿತು. ‘ಸೇವಾ ಅಸ್ಮಾಕಂ ಧರ್ಮಃ’ (ಸೇವೆಯೇ ನಮ್ಮ ಧರ್ಮ) ಎಂಬುದು ದಳದ ಧ್ಯೇಯವಾಕ್ಯ.

ಎರಡನೆಯ ಮಹಾಯುದ್ಧ

1939ರಲ್ಲಿ ಸುಮಾರು 2 ಲಕ್ಷದಷ್ಟಿದ್ದ ಭಾರತೀಯ ಸೇನೆ 1945ರ ವೇಳೆಗೆ 25 ಲಕ್ಷಕ್ಕೆ ಬೆಳೆಯಿತು. ಅದುವರೆಗೆ ಬ್ರಿಟಿಷರು ಕೆಲವು ಸಮುದಾಯಗಳನ್ನು ಮಾತ್ರ ‘ಯುದ್ಧವೀರ ಜನಾಂಗ’ಗಳೆಂದು ಪರಿಗಣಿಸಿ ಸೈನ್ಯಕ್ಕೆ ಸೇರಿಸಿಕೊಳ್ಳುತ್ತಿದ್ದರು. ಅಪಾರ ಸಂಖ್ಯೆಯ ಚಾಲಕರು, ಮೆಕ್ಯಾನಿಕ್‌ಗಳು ಮತ್ತು ಗುಮಾಸ್ತರು ಬೇಕಾದಾಗ ಈ ನೀತಿ ಸಡಿಲಗೊಂಡು, ದಕ್ಷಿಣ ಭಾರತದ ಯುವಕರಿಗೆ ಬಾಗಿಲು ತೆರೆಯಿತು. ಎತ್ತಿನ ಬಂಡಿಯನ್ನು ಬಿಟ್ಟರೆ ಬೇರೆ ವಾಹನವನ್ನು ನಡೆಸದ ಹಳ್ಳಿಯ ಯುವಕರು ಕೆಲವೇ ತಿಂಗಳುಗಳಲ್ಲಿ ಮೂರು ಟನ್ನಿನ ಲಾರಿಯ ಚಾಲಕರಾದರು. ಫೋರ್ಡ್, ಷೆವ್ರೊಲೆ, ಡಾಡ್ಜ್ ಕಂಪನಿಗಳ ವಾಹನಗಳು ಆಗ ಬಳಕೆಯಲ್ಲಿದ್ದವು; ಅವುಗಳಲ್ಲಿ ಬಹಳಷ್ಟು ಕೆನಡಾದಲ್ಲಿ ತಯಾರಾದಂಥವು.

ವಿಚಿತ್ರವೆಂದರೆ, ಈ ದಳದಿಂದ ಯೂರೋಪಿನ ರಣರಂಗಕ್ಕೆ ಮೊದಲು ಹೋದದ್ದು ಲಾರಿಯಲ್ಲ, ಹೇಸರಗತ್ತೆ. ಬ್ರಿಟಿಷ್ ಸೇನೆಯು ಪೂರ್ಣವಾಗಿ ಯಂತ್ರಗಳನ್ನು ಅವಲಂಬಿಸಿದ್ದರಿಂದ ಫ್ರಾನ್ಸಿನ ಕೆಸರು ಮತ್ತು ಹಿಮದಲ್ಲಿ ಸರಕು ಹೊರಲು ಅದಕ್ಕೆ ಪ್ರಾಣಿಗಳೇ ಇರಲಿಲ್ಲ. ‘ಫೋರ್ಸ್ ಕೆ-6’ ಎಂಬ ಹೆಸರಿನ ಭಾರತೀಯ ತುಕಡಿಯು ತನ್ನ ನಾಲ್ಕು ಪ್ರಾಣಿ ಸಾರಿಗೆ ಕಂಪನಿಗಳೊಡನೆ 1939ರ ಡಿಸೆಂಬರ್‌ನಲ್ಲಿ ಮಾರ್ಸೇಲ್ಸ್ ಬಂದರಿನಲ್ಲಿ ಇಳಿಯಿತು. 1940ರಲ್ಲಿ ಫ್ರಾನ್ಸ್ ಸೋತಾಗ ಇವರಲ್ಲಿ ಹಲವರು ಡನ್‌ಕರ್ಕ್ ಮೂಲಕ ಪಾರಾದರು. ಒಂದು ಕಂಪನಿ ಜರ್ಮನರ ಸೆರೆಗೆ ಸಿಕ್ಕಿತು.

ಉತ್ತರ ಆಫ್ರಿಕದ ಮರಳುಗಾಡಿನಲ್ಲಿ ಚಾಲಕರ ಮುಖ್ಯ ಚಿಂತೆ ನೀರು ಮತ್ತು ಪೆಟ್ರೋಲು. ಆರಂಭದಲ್ಲಿ ಪೆಟ್ರೋಲನ್ನು ನಾಲ್ಕು ಗ್ಯಾಲನ್ನಿನ ತೆಳು ತಗಡಿನ ಡಬ್ಬಿಗಳಲ್ಲಿ ಸಾಗಿಸಲಾಗುತ್ತಿತ್ತು. ಕುಲುಕಾಟಕ್ಕೆ ಅವು ಸೋರಿ, ದಾರಿಯಲ್ಲಿಯೇ ಇಂಧನ ನಷ್ಟವಾಗುತ್ತಿತ್ತು; ಸೋರಿದ ಪೆಟ್ರೋಲಿನ ಆವಿ ತುಂಬಿದ ಲಾರಿಗೆ ಒಂದು ಕಿಡಿ ಸಾಕಾಗಿತ್ತು. ಬಳಿಕ ಜರ್ಮನರ ಗಟ್ಟಿ ‘ಜೆರಿಕ್ಯಾನ್’ ಮಾದರಿಯನ್ನು ಮಿತ್ರಪಕ್ಷಗಳೂ ಅನುಸರಿಸಿದವು. ಖಾಲಿ ತಗಡಿನ ಡಬ್ಬಿಗಳೂ ವ್ಯರ್ಥವಾಗಲಿಲ್ಲ. ಅರ್ಧಕ್ಕೆ ಕತ್ತರಿಸಿದ ಡಬ್ಬಿಯಲ್ಲಿ ಮರಳು ತುಂಬಿ, ಪೆಟ್ರೋಲು ಸುರಿದು ಬೆಂಕಿ ಹಚ್ಚಿದರೆ ಚಹಾ ಕಾಯಿಸಲು ಒಲೆ ಸಿದ್ಧವಾಗುತ್ತಿತ್ತು.

1941ರ ಆಗಸ್ಟಿನಲ್ಲಿ ಬ್ರಿಟನ್ ಮತ್ತು ಸೋವಿಯತ್ ಒಕ್ಕೂಟಗಳು ಇರಾನನ್ನು ಪ್ರವೇಶಿಸಿದ ಮೇಲೆ, ಹಿಟ್ಲರನ ದಾಳಿಗೆ ಒಳಗಾಗಿದ್ದ ರಷ್ಯಕ್ಕೆ ನೆರವು ತಲುಪಿಸುವ ದಾರಿಗಳಲ್ಲಿ ಇರಾನ್ ಮುಖ್ಯವಾಯಿತು. ಮರುಭೂಮಿಯ ಸೆಕೆ ಮತ್ತು ಪರ್ವತಗಳ ಹಿಮ ಎರಡನ್ನೂ ಒಂದೇ ಪಯಣದಲ್ಲಿ ಎದುರಿಸಬೇಕಾದ ಈ ಮಾರ್ಗದಲ್ಲಿ ಭಾರತೀಯ ಚಾಲಕರು ಸರಕು ಸಾಗಿಸಿದರು. ದಳದ ಸುಬೇದಾರ್ ನಾರಾಯಣರಾವ್ ನಿಕ್ಕಂ ಮತ್ತು ಹವಾಲ್ದಾರ್ ಗಜೇಂದ್ರ ಸಿಂಗ್ ಚಂದ್ ಅವರಿಗೆ ಸೋವಿಯತ್ ಸರಕಾರವು ‘ಆರ್ಡರ್ ಆಫ್ ದಿ ರೆಡ್ ಸ್ಟಾರ್’ ಪುರಸ್ಕಾರ ನೀಡಿತು. ಸರಬರಾಜು ಸೇವೆಯ ಸೈನಿಕರಿಗೆ ಪರದೇಶವೊಂದು ಹೀಗೆ ಗೌರವ ಸಲ್ಲಿಸಿದ್ದು ವಿರಳ. ಮುಂದೆ ಸ್ವತಂತ್ರ ಭಾರತದ ಮೊದಲ ಭಾರತೀಯ ಮಹಾದಂಡನಾಯಕರಾದ ಕೊಡಗಿನ ಕೆ. ಎಂ. ಕಾರ್ಯಪ್ಪನವರೂ 1941–42ರಲ್ಲಿ 10ನೆಯ ಭಾರತೀಯ ಡಿವಿಷನ್ನಿನ ಅಧಿಕಾರಿಯಾಗಿ ಇರಾಕ್, ಸಿರಿಯ ಮತ್ತು ಇರಾನ್‌ಗಳಲ್ಲಿದ್ದರು. ಆ ಡಿವಿಷನ್ನಿನ ಆಡಳಿತ ಮತ್ತು ಸರಬರಾಜಿನ ಹೊಣೆ ಅವರ ಕೆಲಸದ ಭಾಗವಾಗಿತ್ತು.

ಮಲಯದಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. 1942ರ ಫೆಬ್ರುವರಿ 15ರಂದು ಸಿಂಗಪುರ ಶರಣಾದಾಗ ಸಾವಿರಾರು ಭಾರತೀಯ ಸೈನಿಕರು ಜಪಾನರ ಸೆರೆಯಾದರು. ಅವರಲ್ಲಿ ಸಾರಿಗೆ ಕಂಪನಿಗಳ ಚಾಲಕರೂ ಇದ್ದರು. ಕೆಲವರು ಆಜಾದ್ ಹಿಂದ್ ಫೌಜ್ ಸೇರಿದರು. ಸೇರದೆ ಉಳಿದವರಲ್ಲಿ ಹಲವರನ್ನು ನ್ಯೂ ಗಿನಿಯಂತಹ ದೂರದ ದ್ವೀಪಗಳಿಗೆ ದುಡಿಮೆಗೆ ಒಯ್ಯಲಾಯಿತು. ಅವರಲ್ಲಿ ಬಹುಮಂದಿ ಹಸಿವು ಮತ್ತು ರೋಗಗಳಿಂದ ಸತ್ತರು.

ಬರ್ಮಾ ರಣರಂಗದಲ್ಲಿ ದಿಮಾಪುರ–ಕೊಹಿಮಾ–ಇಂಫಾಲ ರಸ್ತೆಯೇ 14ನೆಯ ಸೇನೆಯ ಜೀವನಾಡಿ. ದಿಮಾಪುರದ ರೈಲು ನಿಲ್ದಾಣವನ್ನು ಆಗ ‘ಮಣಿಪುರ ರೋಡ್’ ಎನ್ನುತ್ತಿದ್ದರು. ಅಲ್ಲಿಂದ ಇಂಫಾಲಕ್ಕೆ ಇನ್ನೂರು ಕಿಲೋಮೀಟರಿಗೂ ಮಿಕ್ಕಿದ ಗುಡ್ಡಗಾಡಿನ ದಾರಿ. ಮಳೆಗಾಲದಲ್ಲಿ ಭೂಕುಸಿತ, ಮೊಣಕಾಲುದ್ದ ಕೆಸರು, ಮಲೇರಿಯ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. 1944ರ ಮಾರ್ಚ್ ಕೊನೆಯಲ್ಲಿ ಜಪಾನರು ಈ ರಸ್ತೆಯನ್ನು ಕಡಿದರು. ಇಂಫಾಲದ ಪಡೆಗಳು ಸುಮಾರು ಮೂರು ತಿಂಗಳು ವಿಮಾನಗಳಿಂದ ಬಂದ ಸರಕನ್ನೇ ನಂಬಿ ಹೋರಾಡಿದವು. ಜೂನ್ 22ರಂದು 109ನೆಯ ಮೈಲಿಗಲ್ಲಿನ ಬಳಿ ಎರಡೂ ಕಡೆಯ ಪಡೆಗಳು ಸಂಧಿಸಿದಾಗ ರಸ್ತೆ ತೆರೆಯಿತು. ಸೈನ್ಯವು ಬರ್ಮಾದೊಳಕ್ಕೆ ಮುನ್ನಡೆದಂತೆ ಹೊಸ ರಸ್ತೆಗಳನ್ನು ಮಾಡಬೇಕಾಯಿತು. ಕಲ್ಲು ಸಿಗದ ಕಡೆ ಸೆಣಬಿನ ಗೋಣಿಬಟ್ಟೆಗೆ ಡಾಂಬರು ಸವರಿ ನೆಲದ ಮೇಲೆ ಹಾಸಿ, ಅದರ ಮೇಲೆಯೇ ಲಾರಿಗಳನ್ನು ಓಡಿಸಲಾಯಿತು.

ಸ್ವಾತಂತ್ರ್ಯಾನಂತರದ ಯುದ್ಧಗಳು

1947–48ರ ಕಾಶ್ಮೀರ ಯುದ್ಧದಲ್ಲಿ ಪಠಾಣಕೋಟೆ–ಜಮ್ಮು–ಶ್ರೀನಗರ ಮಾರ್ಗವು ಸೈನ್ಯದ ಆಧಾರವಾಗಿತ್ತು. 1948ರ ನವೆಂಬರ್ 1ರಂದು ಕೊಡಗಿನ ಕೆ. ಎಸ್. ತಿಮ್ಮಯ್ಯನವರ ನೇತೃತ್ವದಲ್ಲಿ ಜೋಜಿ ಲಾ ಕಣಿವೆಯ ಮೇಲೆ ಟ್ಯಾಂಕುಗಳ ಸಹಾಯದಿಂದ ದಾಳಿ ನಡೆಯಿತು. ಅಷ್ಟು ಎತ್ತರಕ್ಕೆ ಟ್ಯಾಂಕು ಬರಬಹುದೆಂದು ಶತ್ರುವು ಎಣಿಸಿರಲಿಲ್ಲ. ಆ ಗೆಲುವಿನ ಹಿಂದೆ ಹಾದಿ ನಿರ್ಮಿಸಿದ ಎಂಜಿನಿಯರ್ ಪಡೆ ಹಾಗೂ ಇಂಧನ ಹೊತ್ತ ಚಾಲಕರ ಶ್ರಮವಿತ್ತು.

1962ರ ಚೀನಾ ಯುದ್ಧವು ರಸ್ತೆಯ ಮಹತ್ವವನ್ನು ಕಹಿಯಾಗಿ ಕಲಿಸಿತು. ಅಸ್ಸಾಮಿನ ಬಯಲಿನಿಂದ ಬೊಮ್ಡಿಲಾ, ಸೆ ಲಾ ದಾಟಿ ತವಾಂಗ್ ತಲುಪುವ ದಾರಿ ಕಿರಿದು, ಹೊಸದು. ಸಾವಿರಾರು ಅಡಿ ಎತ್ತರದಲ್ಲಿ ಆಮ್ಲಜನಕ ಕಡಿಮೆಯಾದಾಗ ಮನುಷ್ಯನಷ್ಟೇ ಅಲ್ಲ, ಎಂಜಿನ್ನೂ ದುರ್ಬಲವಾಗುತ್ತದೆ. ರಸ್ತೆ ಸರಿಯಿಲ್ಲದಲ್ಲಿ ಸೈನಿಕರ ಧೈರ್ಯಕ್ಕೆ ಮದ್ದುಗುಂಡಿನ ಬೆಂಬಲ ಸಿಗಲಿಲ್ಲ. 1960ರಲ್ಲಿ ಸ್ಥಾಪನೆಯಾಗಿದ್ದ ಗಡಿ ರಸ್ತೆಗಳ ಸಂಸ್ಥೆಯ ಕಾರ್ಯ ಈ ಯುದ್ಧದ ಬಳಿಕ ವೇಗ ಪಡೆಯಿತು. ಅದೇ ಕಾಲದಲ್ಲಿ ಜಬಲ್ಪುರದಲ್ಲಿ ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಡಿ ತಯಾರಾದ ‘ಶಕ್ತಿಮಾನ್’ ಲಾರಿ ದಶಕಗಳ ಕಾಲ ಸೇನಾ ಸಾಗಣೆಯ ಬೆನ್ನೆಲುಬಾಯಿತು. ಮುಂದೆ ಅದರ ಸ್ಥಾನವನ್ನು ಅಶೋಕ್ ಲೇಲ್ಯಾಂಡಿನ ‘ಸ್ಟಾಲಿಯನ್’ ತುಂಬಿತು.

1965ರ ಯುದ್ಧದಲ್ಲಿ ಪಂಜಾಬಿನ ನಾಗರಿಕ ಲಾರಿ ಚಾಲಕರೂ ಸೈನ್ಯದ ನೆರವಿಗೆ ಬಂದರು. 1971ರಲ್ಲಿ ಪೂರ್ವ ರಣರಂಗದ ಸಿದ್ಧತೆಗೆ ತ್ರಿಪುರಾದ ಗುಡ್ಡಗಳ ದಾರಿಯಲ್ಲಿ ಅಪಾರ ಸರಕನ್ನು ಲಾರಿಗಳಲ್ಲಿ ಸಾಗಿಸಿ ಸಂಗ್ರಹಿಸಲಾಯಿತು. ಡಿಸೆಂಬರ್ 3ರಿಂದ 16ರವರೆಗಿನ ಹದಿನಾಲ್ಕು ದಿನಗಳ ಯುದ್ಧ ಅಷ್ಟು ಬೇಗ ಮುಗಿಯಲು ಹಲವು ತಿಂಗಳುಗಳ ಈ ಸಾಗಣೆಯೂ ಕಾರಣ.

1999ರ ಕಾರ್ಗಿಲ್ ಯುದ್ಧದಲ್ಲಿ ಚಾಲಕನೇ ಶತ್ರುವಿನ ನೇರ ಗುರಿಯಾದನು. ತೋಲೋಲಿಂಗ್ ಮುಂತಾದ ಶಿಖರಗಳಲ್ಲಿ ಕುಳಿತ ನುಸುಳುಕೋರರಿಗೆ ದ್ರಾಸ್ ಬಳಿಯ ಶ್ರೀನಗರ–ಲೇಹ್ ಹೆದ್ದಾರಿ ಸ್ಪಷ್ಟವಾಗಿ ಕಾಣುತ್ತಿತ್ತು. ಹಗಲಿನಲ್ಲಿ ಹೊರಟ ವಾಹನದ ಮೇಲೆ ಫಿರಂಗಿ ಗುಂಡು ಬೀಳುತ್ತಿದ್ದುದರಿಂದ ಚಾಲಕರು ರಾತ್ರಿ ದೀಪವಿಲ್ಲದೆ ಸಾಗಿದರು. ಬೋಫೋರ್ಸ್ ಫಿರಂಗಿಗಳು ಎಷ್ಟೇ ಶಕ್ತಿಶಾಲಿಯಾಗಿದ್ದರೂ ಅವುಗಳ ಗುಂಡುಗಳು ಲಾರಿಯೇರಿ ಬರಬೇಕಾಗಿತ್ತು. ಜೂನ್ 13ರಂದು ತೋಲೋಲಿಂಗ್ ಮರಳಿ ವಶವಾದ ಮೇಲೆ ಹೆದ್ದಾರಿಯ ಮೇಲಿನ ಅಪಾಯ ತಗ್ಗಿತು.

ಶಾಂತಿಕಾಲದಲ್ಲಿಯೂ ಹಿಮಾಲಯದ ಚಾಲಕರಿಗೆ ಬಿಡುವಿಲ್ಲ. ಹಿಮದಿಂದ ಕಣಿವೆಗಳು ಮುಚ್ಚುವ ಮೊದಲು ಇಡೀ ಚಳಿಗಾಲಕ್ಕೆ ಬೇಕಾದ ಸರಕನ್ನು ಲಡಾಖಿಗೆ ಮುಟ್ಟಿಸಬೇಕು. 2020ರ ಅಕ್ಟೋಬರ್ 3ರಂದು ಉದ್ಘಾಟನೆಯಾದ, 9 ಕಿಲೋಮೀಟರ್ ಉದ್ದದ ಅಟಲ್ ಸುರಂಗವು ಮನಾಲಿ–ಲೇಹ್ ಮಾರ್ಗದಲ್ಲಿ ರೋಹತಾಂಗ್ ಕಣಿವೆಯ ತೊಡಕನ್ನು ನಿವಾರಿಸಿದೆ.

ಯಾದಗಿರಿ, ಶಹಾಪುರ, ಸುರಪುರ ಪ್ರದೇಶದ ಹಿನ್ನೆಲೆ

ಈ ಮೂರು ತಾಲೂಕುಗಳು 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಹೈದರಾಬಾದ್ ಸಂಸ್ಥಾನದ ಗುಲಬರ್ಗಾ ಜಿಲ್ಲೆಯಲ್ಲಿದ್ದವು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದವು. 2009ರ ಡಿಸೆಂಬರ್ 30ರಂದು ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. ಸುರಪುರವು ಬೇಡ ನಾಯಕರ ಸಂಸ್ಥಾನವಾಗಿದ್ದು, 1857–58ರಲ್ಲಿ ರಾಜಾ ವೆಂಕಟಪ್ಪನಾಯಕರ ಬಂಡಾಯದಿಂದ ಪ್ರಸಿದ್ಧವಾಗಿದೆ. ಆದ್ದರಿಂದ ಈ ನಾಡಿಗೆ ಆಯುಧದ ಪರಂಪರೆ ಹೊಸದಲ್ಲ. ಮೋಟಾರಿನ ಪರಂಪರೆ ಮಾತ್ರ ಇಪ್ಪತ್ತನೆಯ ಶತಮಾನದ್ದು. 1932ರಲ್ಲಿ ನಿಜಾಮ್ ರಾಜ್ಯ ರೈಲ್ವೆಯ ರಸ್ತೆ ಸಾರಿಗೆ ವಿಭಾಗವು 27 ಬಸ್ಸುಗಳೊಡನೆ ಪ್ರಾರಂಭವಾಯಿತು. ಮುಂಬಯಿ–ಮದ್ರಾಸ್ ರೈಲು ಮಾರ್ಗದಲ್ಲಿ ಯಾದಗಿರಿ ನಿಲ್ದಾಣವಿದ್ದುದರಿಂದ ಹೊರನಾಡಿನ ಸಂಪರ್ಕ ಸುಲಭವಾಗಿತ್ತು. ಸುರಪುರ ಮತ್ತು ಶಹಾಪುರದವರಿಗೂ ಹತ್ತಿರದ ರೈಲು ಯಾದಗಿರಿಯದೇ.

ನಿಜಾಮನ ಆಡಳಿತ ಭಾಷೆ ಉರ್ದು. ಅಂದಿನ ಭಾರತೀಯ ಸೇನೆಯ ವ್ಯವಹಾರ ಭಾಷೆಯೂ ರೋಮನ್ ಲಿಪಿಯ ಉರ್ದು. ಆದಕಾರಣ ಈ ಭಾಗದಿಂದ ಸೈನ್ಯಕ್ಕೆ ಸೇರಿದ ಕನ್ನಡಿಗನಿಗೆ ಹುಕುಮಿನ ಭಾಷೆ ಕಿವಿಗೆ ಪರಿಚಿತವಾಗಿರುತ್ತಿತ್ತು. ಹಳೆಯ ಮೈಸೂರಿನ ಹಳ್ಳಿಯಿಂದ ಬಂದವನಿಗೆ ಈ ಅನುಕೂಲವಿರಲಿಲ್ಲ.

‘ಹೈದರಾಬಾದ್’ ಎಂಬ ಹೆಸರಿನ ಪಡೆಗಳ ವಿಷಯದಲ್ಲಿ ವಿದ್ಯಾರ್ಥಿಗಳು ಎಚ್ಚರ ವಹಿಸಬೇಕು. 19ನೆಯ ಹೈದರಾಬಾದ್ ರೆಜಿಮೆಂಟ್ ಹಳೆಯ ಹೈದರಾಬಾದ್ ಕಂಟಿಂಜೆಂಟ್‌ನಿಂದ ಬೆಳೆದದ್ದು ನಿಜ. ಆದರೆ ಎರಡನೆಯ ಮಹಾಯುದ್ಧದ ವೇಳೆಗೆ ಅದರಲ್ಲಿ ಉತ್ತರ ಭಾರತದವರೇ, ವಿಶೇಷವಾಗಿ ಕುಮಾಊಂ ಪ್ರದೇಶದವರು, ಹೆಚ್ಚಾಗಿದ್ದರು. 1945ರಲ್ಲಿ ಅದರ ಹೆಸರು ಕುಮಾಊಂ ರೆಜಿಮೆಂಟ್ ಎಂದು ಬದಲಾಯಿತು. ನಿಜಾಮನ ಸ್ವಂತ ಪಡೆಗಳು ಬೇರೆ. ಅವುಗಳಲ್ಲಿ 1ನೆಯ ಹೈದರಾಬಾದ್ ಇನ್‌ಫೆಂಟ್ರಿ 1941ರ ಡಿಸೆಂಬರ್‌ನಲ್ಲಿ ಮಲಯದ ಕೋಟಾ ಭಾರು ವಿಮಾನ ನಿಲ್ದಾಣದ ರಕ್ಷಣೆಯಲ್ಲಿದ್ದು ಜಪಾನರ ಮೊದಲ ಹೊಡೆತವನ್ನು ಎದುರಿಸಿತು.

ಇಂದು ಬೆಳಗಾವಿಯ ಸೇನಾ ನೇಮಕಾತಿ ಕಚೇರಿಯ ವ್ಯಾಪ್ತಿಯಲ್ಲಿ ಯಾದಗಿರಿ ಜಿಲ್ಲೆ ಸೇರಿದೆ. 2022ರಿಂದ ಸಿಪಾಯಿಗಳ ನೇಮಕಾತಿ ನಾಲ್ಕು ವರ್ಷಗಳ ಅಗ್ನಿಪಥ ಯೋಜನೆಯಡಿ ನಡೆಯುತ್ತಿದೆ.

ಗೌರವ, ಪಿಂಚಣಿ ಮತ್ತು ಮರೆವು

ಸಿಪಾಯಿಗೆ ಸೇವಾ ಪಿಂಚಣಿ ದೊರೆಯಲು ಸಾಮಾನ್ಯವಾಗಿ 15 ವರ್ಷಗಳ ಸೇವೆ ಬೇಕು. ಎರಡನೆಯ ಮಹಾಯುದ್ಧಕ್ಕಾಗಿ ಸೇರಿ, ಯುದ್ಧ ಮುಗಿದೊಡನೆ ಬಿಡುಗಡೆಯಾದ ಚಾಲಕರು ಐದಾರು ವರ್ಷ ಮರಳುಗಾಡಿನಲ್ಲೋ ಬರ್ಮಾದಲ್ಲೋ ದುಡಿದಿದ್ದರೂ ಈ ನಿಯಮದಿಂದ ಹೊರಗುಳಿದರು. ಅಂತಹ ಮಾಜಿ ಸೈನಿಕರಿಗೆ ಮತ್ತು ಅವರ ವಿಧವೆಯರಿಗೆ ಕರ್ನಾಟಕ ಸರಕಾರವು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಮೂಲಕ ಮಾಸಿಕ ನೆರವು ನೀಡುವ ವ್ಯವಸ್ಥೆ ಮಾಡಿತು.

ಚಾಲಕರ ಸಾವಿನ ಸ್ವರೂಪವೂ ಅವರ ಮರೆವಿಗೆ ಕಾರಣವಾಗಿದೆ. ಕಂದಕದಲ್ಲಿ ಬಿದ್ದವನ ಮರಣ ಒಂದು ಕದನದ ಕಥೆಗೆ ಸೇರುತ್ತದೆ. ರಾತ್ರಿ ತಿರುವಿನಲ್ಲಿ ಪ್ರಪಾತಕ್ಕೆ ಉರುಳಿದ ಲಾರಿಯ ಚಾಲಕನ ಮರಣ ದಾಖಲೆಯಲ್ಲಿ ‘ಅಪಘಾತ’ ಎಂಬ ಒಂದು ಪದವಾಗಿ ಉಳಿಯುತ್ತದೆ. ದೀಪ ಆರಿಸಿ ಆ ರಸ್ತೆಯಲ್ಲಿ ಹೋಗಬೇಕಾದದ್ದು ಯುದ್ಧದ ಕಾರಣದಿಂದಲೇ ಎಂಬುದನ್ನು ಆ ಪದ ಹೇಳುವುದಿಲ್ಲ.

ಕುಟುಂಬದ ಸೈನಿಕನ ದಾಖಲೆ ಹುಡುಕುವ ಬಗೆ

ಮನೆಯಲ್ಲಿ ಹಿರಿಯರೊಬ್ಬರು ಸೈನ್ಯದಲ್ಲಿದ್ದರೆಂದು ತಿಳಿದು, ವಿವರ ತಿಳಿಯದವರಿಗೆ ಈ ಕೆಳಗಿನ ಸೂಚನೆಗಳು ಉಪಯುಕ್ತ.

ಮೊದಲಿಗೆ ಬಿಡುಗಡೆ ಪತ್ರವನ್ನು ಹುಡುಕಬೇಕು. ಅದರಲ್ಲಿರುವ ಸೇವಾ ಸಂಖ್ಯೆ ಎಲ್ಲ ಹುಡುಕಾಟಕ್ಕೂ ಕೀಲಿಕೈ. ಸೇವಾ ದಳದ ಯಾಂತ್ರಿಕ ಸಾರಿಗೆಯ ಸೈನಿಕರಾದರೆ ಆ ಸಂಖ್ಯೆಯೊಡನೆ ಬೆಂಗಳೂರಿನ ದಾಖಲೆ ಕಚೇರಿಗೆ ಬರೆಯಬಹುದು. ಪತ್ರ ಬರೆಯಲು ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿ ಸಹಾಯ ಮಾಡುತ್ತದೆ.

ಎರಡನೆಯದಾಗಿ ಪದಕಗಳನ್ನು ಗಮನಿಸಬೇಕು. ಬರ್ಮಾ ಸ್ಟಾರ್, ಆಫ್ರಿಕ ಸ್ಟಾರ್ ಎಂಬವು ಸೇವೆ ನಡೆದ ರಣರಂಗವನ್ನೇ ಸೂಚಿಸುತ್ತವೆ. ಸಮರ ಸೇವಾ ಸ್ಟಾರ್ 1965ರ ಯುದ್ಧಕ್ಕೆ, ಪೂರ್ವಿ ಸ್ಟಾರ್ ಮತ್ತು ಪಶ್ಚಿಮಿ ಸ್ಟಾರ್ 1971ರ ಪೂರ್ವ ಹಾಗೂ ಪಶ್ಚಿಮ ರಣರಂಗಗಳಿಗೆ, ಆಪ್ ವಿಜಯ್ ಪದಕ ಕಾರ್ಗಿಲ್ ಯುದ್ಧಕ್ಕೆ ಸಂಬಂಧಿಸಿವೆ. ಸ್ವತಂತ್ರ ಭಾರತದ ಪದಕಗಳ ಅಂಚಿನಲ್ಲಿ ಅಥವಾ ಹಿಂಬದಿಯಲ್ಲಿ ಸೈನಿಕನ ಸಂಖ್ಯೆ ಮತ್ತು ಹೆಸರನ್ನು ಕೊರೆದಿರುತ್ತಾರೆ. ಹಳೆಯ ಬೆಳ್ಳಿಯೆಂದು ತಿಳಿದು ಅವನ್ನು ಮಾರುವ ಮುನ್ನ ಆ ಅಕ್ಷರಗಳನ್ನು ಬರೆದಿಟ್ಟುಕೊಳ್ಳುವುದು ಒಳಿತು.

ಮೂರನೆಯದಾಗಿ, ಮಹಾಯುದ್ಧಗಳಲ್ಲಿ ಮಡಿದವರ ಹೆಸರುಗಳು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಉಚಿತವಾಗಿ ಲಭ್ಯ. ಇಂಫಾಲ ಮತ್ತು ಕೊಹಿಮಾದ ಸಮಾಧಿಭೂಮಿಗಳು, ರಂಗೂನ್ ಸ್ಮಾರಕ ಮತ್ತು ಸಿಂಗಪುರ ಸ್ಮಾರಕಗಳಲ್ಲಿ ಸೇವಾ ದಳದ ಅನೇಕರ ಹೆಸರುಗಳಿವೆ. ಕೆಲವು ನಮೂದುಗಳಲ್ಲಿ ತಂದೆಯ ಹೆಸರು ಮತ್ತು ಊರು ಕೂಡ ಸಿಗುತ್ತವೆ. ಹುಡುಕುವಾಗ ಅಂದಿನ ಆಡಳಿತದ ಹೆಸರುಗಳನ್ನೇ ಬಳಸಬೇಕು: ಸುರಪುರಕ್ಕೆ ‘ಶೋರಾಪುರ’, ಕಲಬುರಗಿಗೆ ‘ಗುಲಬರ್ಗಾ’, ರಾಜ್ಯದ ಸ್ಥಾನದಲ್ಲಿ ‘ಹೈದರಾಬಾದ್’. ಕನ್ನಡದ ಹೆಸರುಗಳನ್ನು ಬೇರೆ ಭಾಷೆಯ ಗುಮಾಸ್ತರು ಕಿವಿಗೆ ಕೇಳಿಸಿದಂತೆ ಬರೆದಿರುವುದರಿಂದ ಒಂದೇ ಹೆಸರನ್ನು ಮೂರು ನಾಲ್ಕು ಬಗೆಯ ಕಾಗುಣಿತದಲ್ಲಿ ಪ್ರಯತ್ನಿಸಬೇಕು.

ಕೊನೆಯದಾಗಿ, ಜೀವಂತವಿರುವ ಮಾಜಿ ಚಾಲಕರ ನೆನಪುಗಳನ್ನು ಧ್ವನಿಮುದ್ರಿಸಿಕೊಳ್ಳುವುದು ತುರ್ತಿನ ಕೆಲಸ. 1971ರ ಯುದ್ಧದಲ್ಲಿ ಇಪ್ಪತ್ತರ ಹರೆಯದಲ್ಲಿದ್ದ ಸಿಪಾಯಿಗಳು ಈಗ ಎಪ್ಪತ್ತು ದಾಟಿದ್ದಾರೆ. ಯಾವ ಲಾರಿ, ಯಾವ ರಸ್ತೆ, ಎಷ್ಟು ರಾತ್ರಿ ಎಂಬಂತಹ ಸಣ್ಣ ಪ್ರಶ್ನೆಗಳಿಗೆ ಅವರು ಕೊಡುವ ಉತ್ತರ ಯಾವ ಕಚೇರಿಯ ಕಡತದಲ್ಲಿಯೂ ಸಿಗುವಂಥದ್ದಲ್ಲ.